ಕಡ್ಡಿ–ದಾರ: ಮೊದಲು ಒಳಮಗ್ಗುಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಸುಗೂಸಿನ ಬಟ್ಟೆಯ ಬಗ್ಗೆಯೇ ಇವೆ. ತೀರ್ಥಹಳ್ಳಿಯ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅವರು ಕೇಳಿದ ಕೆಲಸ ನನಗೂ ತುಂಬಾ ಪ್ರೀತಿಯದು, ಮತ್ತೆ ಅದರಲ್ಲಿ ಹೇಳಲೇಬೇಕಾದ ಮಾತುಗಳು ಕೆಲವು ಇವೆ.

ಪ್ರಶ್ನೆ: ನಮಸ್ಕಾರ ಅಕ್ಕ. ನನ್ನ ಮಗಳು ಈಗ ಏಳು ತಿಂಗಳ ಬಸುರಿ. ಆಷಾಢದಲ್ಲಿ ಹೆರಿಗೆ, ಬಾಣಂತನ ನಮ್ಮ ಮನೆಯಲ್ಲೇ. ನಾನು ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತೇನೆ. ಎರಡು ಕಡ್ಡಿಯಲ್ಲಿ ಮಫ್ಲರ್ ಹೆಣೆದು ಗೊತ್ತು, ಸ್ವೆಟರ್ ಹಾಕಿಲ್ಲ. ಮನೆಯಲ್ಲಿ ಒಂದು ಚೀಲ ಉಳಿದ ಉಲ್ಲನ್ ಇದೆ, ಕುಚ್ಚಿನ ರೇಷ್ಮೆ ದಾರವೂ ಇದೆ. ಮಾದರಿ ನೋಡದೆ ಬಣ್ಣಬಣ್ಣದ ತುಂಡು ಹೆಣೆದು ಜೋಡಿಸುವ ಫ್ರೀಫಾರ್ಮ್ ಅಂಗಿ ನೋಡಿ ಆಸೆಯಾಗಿದೆ. ಮಗುವಿಗೆ ಹಾಗೆ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಮಾಡಬಹುದು. ಕುಚ್ಚು ಹಾಕಿದ ಕೈಗೆ ಕ್ರೋಶಾ ಹೊಸದಲ್ಲ. ಚೈನ್, ಗಿಡ್ಡನೆಯ ಸಿಂಗಲ್, ಎತ್ತರದ ಡಬಲ್ ಈ ಮೂರು ಹೊಲಿಗೆ ಬಂದರೆ ಸಾಕು.

ಮೊದಲು ಒಂದು ಲೆಕ್ಕ. ಮಗು ಹುಟ್ಟುವುದು ಆಷಾಢದಲ್ಲಿ, ಆದರೆ ನೀವು ಕಷ್ಟಪಟ್ಟು ಹೆಣೆದ ಅಂಗಿ ಯಾವ ತಿಂಗಳಲ್ಲಿ ಮೈಮೇಲೆ ಬರಬೇಕು? ಹುಟ್ಟಿದ ಮಗುವಿನ ಎದೆಸುತ್ತು ಸುಮಾರು 13 ಇಂಚು ಇರುತ್ತದೆ. ಆರು ತಿಂಗಳಿಗೆ ಅದು 17 ಇಂಚಿನ ಹತ್ತಿರ ಬರುತ್ತದೆ. ಆಷಾಢಕ್ಕೆಂದು ಹಾಕಿದ ಅಂಗಿ ಶ್ರಾವಣ ಮುಗಿಯುವಾಗ ಬಿಗಿಯಾಗುತ್ತದೆ. ಆರು ತಿಂಗಳ ಅಳತೆಗೆ ಹಾಕಿದರೆ ಸರಿಯಾಗಿ ಪುಷ್ಯದ ಚಳಿಗೆ ಮಗು ಅದರಲ್ಲಿರುತ್ತದೆ. ಮಳೆಗಾಲಕ್ಕೆ ಹತ್ತಿಯ ಜಬಲಾ, ಒಂದೆರಡು ಸಾದಾ ಉಲ್ಲನ್ ಅಂಗಿ ಸಾಕು. ಬಣ್ಣದ ಫ್ರೀಫಾರ್ಮ್ ಅಂಗಿಯನ್ನು ದೊಡ್ಡ ಅಳತೆಗೇ ಮಾಡಿ. ನಿಮಗೂ ಸಮಯ ಸಿಗುತ್ತದೆ.

ಈಗ ಆ ಚೀಲ ಬಿಚ್ಚಿ. ಹಳೇ ಉಲ್ಲನ್ ಅಂದರೆ ಅದರಲ್ಲಿ ಉಣ್ಣೆಯೂ ಇರುತ್ತದೆ, ಅಕ್ರಿಲಿಕ್ಕೂ ಇರುತ್ತದೆ. ಎರಡನ್ನೂ ನಾವು ಉಲ್ಲನ್ ಎಂದೇ ಕರೆಯುತ್ತೇವೆ. ಒಂದೇ ಅಂಗಿಯಲ್ಲಿ ಎರಡೂ ಸೇರಿದರೆ, ಒಂದು ದಿನ ಬಿಸಿನೀರಿಗೆ ಬಿದ್ದಾಗ ಉಣ್ಣೆ ತುಂಡು ಕುಗ್ಗುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಇಡೀ ಅಂಗಿ ಸೊಟ್ಟಗಾಗುತ್ತದೆ. ಗುರುತಿಸುವುದು ಸುಲಭ. ಎರಡು ಇಂಚು ದಾರ ಕತ್ತರಿಸಿ ಚಿಮಟದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಗುಂಡಾಗಿ ಗಟ್ಟಿಯಾಗುತ್ತದೆ. ಎರಡು ಗುಂಪು ಮಾಡಿ. ಒಂದು ಅಂಗಿಗೆ ಒಂದೇ ಗುಂಪು.

ದಪ್ಪವೂ ಹೊಂದಬೇಕು. ಎರಡು ಬಣ್ಣದ ದಾರವನ್ನು ಒಂದರೊಳಗೊಂದು ಕುಣಿಕೆಯಂತೆ ಮಡಚಿ, ಎರಡೂ ಕಡೆ ಹೊಸೆದು, ಕಣ್ಣು ಮುಚ್ಚಿ ಬೆರಳು ಎಳೆಯಿರಿ. ನಡುವೆ ಬೆರಳು ತಡೆದರೆ ದಪ್ಪ ಬೇರೆ ಬೇರೆ. ತಡೆಯದಿದ್ದರೆ ಧೈರ್ಯವಾಗಿ ಸೇರಿಸಿ. ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಮಗುವಿಗೆ ನಾಲ್ಕೆಳೆಯ ದಾರ ಒಳ್ಳೆಯದು.

ಇನ್ನು ಕುಚ್ಚಿನ ರೇಷ್ಮೆ ದಾರ. ಅದನ್ನು ದಯವಿಟ್ಟು ಪಕ್ಕಕ್ಕಿಡಿ. ಅದರ ಹೊಳಪು ನೋಡಿ ಆಸೆಯಾಗುತ್ತದೆ, ನನಗೂ ಆಗಿದೆ. ಆದರೆ ಆ ದಾರ ಜಾರುತ್ತದೆ, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಕೆಂಪು ಮತ್ತು ನೇರಳೆ ಬಣ್ಣ ಬಿಡುವುದೂ ಉಂಟು. ಮಗು ಅಂಗಿಯ ಅಂಚನ್ನು ಇಡೀ ದಿನ ಚೀಪುತ್ತದೆ. ಉಲ್ಲನ್ನಿನಲ್ಲೂ ಗಾಢ ಬಣ್ಣವಿದ್ದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಟ್ಟೆ ನೋಡಿ. ಕೂದಲು ಕೂದಲಾಗಿ ಎದ್ದಿರುವ ದಾರವೂ ಬೇಡ, ಆ ಎಳೆ ಮಗುವಿನ ಬಾಯಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಅಳತೆ. ಫ್ರೀಫಾರ್ಮ್ ಅಂದರೆ ಅಳತೆಯೇ ಬೇಡ ಅಂದುಕೊಳ್ಳುವವರು ಬಹಳ ಜನ. ಬಣ್ಣಕ್ಕೆ, ಆಕಾರಕ್ಕೆ ಮಾದರಿ ಬೇಡ ನಿಜ, ಆದರೆ ಮೈಗೆ ಅಳತೆ ಬೇಕೇ ಬೇಕು. ಹಳೇ ಬಿಳಿ ಪಂಚೆಯ ತುಂಡಿನ ಮೇಲೆ ಅಂಗಿಯ ಆಕಾರ ಬರೆದುಕೊಳ್ಳಿ. ಆರು ತಿಂಗಳಿಗೆ ಸುತ್ತಳತೆ 19 ಇಂಚು ಇಟ್ಟುಕೊಳ್ಳಿ, ಅಂದರೆ ಎದೆಗಿಂತ ಎರಡು ಇಂಚು ಸಡಿಲ. ಹೆಗಲಿನಿಂದ ಕೆಳಗೆ ಹತ್ತೂವರೆ ಇಂಚು ಉದ್ದ. ತೋಳು ಆರೂವರೆ. ಕಂಕುಳ ಆಳ ನಾಲ್ಕೂವರೆ. ಮುಂದೆ ಪೂರ್ತಿ ತೆರೆದಿರಲಿ. ಆರು ತಿಂಗಳ ಮಗುವಿನ ತಲೆಸುತ್ತು ಎದೆಸುತ್ತಿನಷ್ಟೇ ಇರುತ್ತದೆ, ಹಾಗಾಗಿ ತಲೆಯ ಮೇಲಿಂದ ಎಳೆದು ಹಾಕುವ ಅಂಗಿ ಮಗುವಿಗೂ ಅಳು, ತಾಯಿಗೂ ಅಳು.

ಈ ಬಟ್ಟೆಯ ಮೇಲೆ ತುಂಡು ಜೋಡಿಸುವ ಕ್ರಮ ಇವತ್ತಿನದಲ್ಲ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ದೊಡ್ಡ ಬರ ಬಂದಾಗ ಹೆಂಗಸರು ಕ್ರೋಶಾ ಲೇಸ್ ಹಾಕಿ ಮನೆ ನಡೆಸಿದರು. ಹೂವು, ಎಲೆ ಒಂದೊಂದಾಗಿ ಹೆಣೆದು, ಬಟ್ಟೆಯ ಮೇಲೆ ಚುಚ್ಚಿಟ್ಟು, ನಡುವಿನ ಜಾಗವನ್ನು ಬಲೆಯಂತೆ ತುಂಬುತ್ತಿದ್ದರು. ಫ್ರೀಫಾರ್ಮ್‌ನಲ್ಲಿ ನಾವು ಮಾಡುವುದೂ ಅದನ್ನೇ. ಈ ಕೆಲಸದ ಚಿಕ್ಕ ತುಂಡಿಗೆ ‘ಸ್ಕ್ರಂಬಲ್’ ಅನ್ನುವ ಹೆಸರು ಇಂಗ್ಲೆಂಡಿನ ಸಿಲ್ವಿಯಾ ಕಾಶ್ ಮತ್ತು ಜೇಮ್ಸ್ ವಾಲ್ಟರ್ಸ್ ಅವರಿಂದ ಬಂತು. ನಾವು ಸುಮ್ನೆ ತುಂಡು ಅನ್ನೋಣ.

ಈಗ ನನ್ನ ಮುಖ್ಯವಾದ ಮಾತು. ಇಡೀ ಅಂಗಿಯನ್ನು ಫ್ರೀಫಾರ್ಮ್ ಮಾಡಬೇಡಿ. ಮಗು ದಿನದ ಬಹುಪಾಲು ಬೆನ್ನ ಮೇಲೆ ಮಲಗಿರುತ್ತದೆ. ಉಬ್ಬು ಹೂವು, ಗುಬುಟು, ಎರಡು ತುಂಡು ಸೇರಿದ ದಪ್ಪ ಅಂಚು ಬೆನ್ನಿಗೆ ಒತ್ತುತ್ತವೆ. ಒತ್ತುತ್ತಿದೆ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಹಾಗಾಗಿ ಬೆನ್ನಿನ ಭಾಗವನ್ನು ಎರಡು ಕಡ್ಡಿಯಲ್ಲಿ ಹಾಕಿ. ನಿಮಗೆ ಮಫ್ಲರ್ ಗೊತ್ತಲ್ವಾ, ಅದೇ ಸಾಕು. ಪ್ರತಿ ಸಾಲೂ ಸೀದಾ ಹೆಣೆದರೆ ಎರಡೂ ಮಗ್ಗುಲು ಒಂದೇ ಥರ ಬರುತ್ತದೆ, ಮೆತ್ತಗಿರುತ್ತದೆ, ಎಳೆದರೆ ಹಿಗ್ಗುತ್ತದೆ. ಕಡ್ಡಿ 10ನೇ ನಂಬರ್, ಅಂದರೆ ಮೂರೂಕಾಲು ಮಿಲಿಮೀಟರ್. ನನ್ನ ಕೈಗೆ ಇಂಚಿಗೆ 6 ಹೊಲಿಗೆ ಬರುತ್ತದೆ, ಒಂಬತ್ತೂವರೆ ಇಂಚಿನ ಬೆನ್ನಿಗೆ 57 ಹೊಲಿಗೆ. ನಿಮ್ಮ ಕೈ ಬಿಗಿ ಇರಬಹುದು. ಮೊದಲು ನಾಲ್ಕಿಂಚಿನ ಒಂದು ಚೌಕ ಹೆಣೆದು, ತೊಳೆದು ಒಣಗಿಸಿ, ಆಮೇಲೆ ಎಣಿಸಿ. ತೋಳೂ ಕಡ್ಡಿಯದೇ ಇರಲಿ. ಮುಂಗೈ ಹತ್ತಿರ ಒಂದು ಸೀದಾ ಒಂದು ಉಲ್ಟಾ ಹಾಕಿದರೆ ಹಿಗ್ಗಿ ಕುಗ್ಗುತ್ತದೆ.

ಮುಂಭಾಗದ ಎರಡು ಹಾಳೆ ಮಾತ್ರ ನಿಮ್ಮ ಆಟದ ಬಯಲು. ಒಂದೊಂದು ಐದು ಇಂಚು ಅಗಲವಿದ್ದರೆ ನಡುವೆ ಗುಂಡಿಗೆ ಸ್ವಲ್ಪ ಮೇಲ್ಹಾಸು ಸಿಗುತ್ತದೆ. ಮೂರೂವರೆ ಮಿಲಿಮೀಟರಿನ ಕ್ರೋಶಾ ಕಡ್ಡಿ ತೆಗೆದುಕೊಳ್ಳಿ. ಒಂದು ಚಕ್ರ ಶುರು ಮಾಡಿ, ಅರ್ಧಕ್ಕೆ ಬಣ್ಣ ಬದಲಿಸಿ, ಒಂದು ಬದಿಗೆ ಮಾತ್ರ ನಾಲ್ಕು ಡಬಲ್ ಹಾಕಿ ಕಿವಿ ತೆಗೆಯಿರಿ, ತಿರುಗಿಸಿ ಸಿಂಗಲ್‌ನಲ್ಲಿ ವಾಪಸ್ ಬನ್ನಿ. ಅಂಗೈಯಗಲ ಆದಾಗ ನಿಲ್ಲಿಸಿ. ಪ್ರತಿ ತುಂಡನ್ನೂ ಮೇಜಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿ. ಬಟ್ಟಲಿನಂತೆ ಎದ್ದು ನಿಂತರೆ ಹೊಲಿಗೆ ಕಡಿಮೆಯಾಗಿದೆ. ಅಂಚು ನೆರಿಗೆ ನೆರಿಗೆಯಾದರೆ ಜಾಸ್ತಿಯಾಗಿದೆ. ಎರಡರಲ್ಲಿ ಯಾವುದಾದರೂ ಒಂದು ಸುತ್ತು ಬಿಚ್ಚಿ, ಮುಂದಕ್ಕೆ ಹೋಗಬೇಡಿ. ದೊಡ್ಡವರ ಜಾಕೆಟ್ಟಿನಲ್ಲಿ ಆ ನೆರಿಗೆ ಚೆಂದ, ಎಳೇ ಮೈಗೆ ಚೆನ್ನಾಗಿರುವುದಿಲ್ಲ.

ತುಂಡುಗಳನ್ನು ಬರೆದ ಬಟ್ಟೆಯ ಮೇಲೆ ಹರಡಿ. ಎರಡು ದಿನ ಹಾಗೇ ಬಿಡಿ. ಬರುತ್ತಾ ಹೋಗುತ್ತಾ ನೋಡಿ, ಜಾಗ ಬದಲಿಸಿ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಈ ಎರಡು ದಿನಗಳೇ. ಆಮೇಲೆ ಮಕಾಡೆ ಮಾಡಿ, ದೊಡ್ಡ ಹೊಲಿಗೆಯಲ್ಲಿ ಬಟ್ಟೆಗೆ ಕಚ್ಚಿಸಿ, ಅಂಚಿಗೆ ಅಂಚು ಸೇರಿಸಿ ಸೂಜಿಯಲ್ಲಿ ಹೊಲಿಯಿರಿ. ಸಂದು ಉಳಿದ ಕಡೆ ಸಿಂಗಲ್‌ನಲ್ಲಿ ತುಂಬಿ. ಕೆಳಗಿನ ಬಟ್ಟೆಯಿಂದ ಬಿಡಿಸಿದಾಗ ಹಾಳೆ ಸಿದ್ಧ.

ಇನ್ನೊಂದು ಕೆಲಸ ಬಾಕಿ ಇದೆ. ಹತ್ತು ತುಂಡು ಅಂದರೆ ಕನಿಷ್ಠ ಇಪ್ಪತ್ತು ದಾರದ ತುದಿ, ಬಣ್ಣ ಬದಲಿಸಿದಷ್ಟೂ ಜಾಸ್ತಿ. ಇದರ ಬಗ್ಗೆ ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ನನ್ನ ಮೊಮ್ಮಗಳು ಎರಡು ತಿಂಗಳ ಕೂಸು. ಒಂದು ಸಂಜೆ ಅಳು ಶುರುವಾಯಿತು, ಏನು ಮಾಡಿದರೂ ನಿಲ್ಲಲಿಲ್ಲ. ಹೊಟ್ಟೆನೋವು ಅಂದುಕೊಂಡು ಹೆಗಲ ಮೇಲೆ ಹಾಕಿಕೊಂಡು ತಿರುಗಿದೆವು. ರಾತ್ರಿ ಒಂಬತ್ತಕ್ಕೆ ನನ್ನ ಮಗಳು ಕಾಲುಚೀಲ ಬಿಚ್ಚಿದಳು. ನಾನೇ ಹೆಣೆದ ಕಾಲುಚೀಲ. ಒಳಗೆ ಬಿಟ್ಟಿದ್ದ ಒಂದು ಎಳೆ ಎರಡನೇ ಬೆರಳಿಗೆ ಸುತ್ತಿಕೊಂಡಿತ್ತು. ಬೆರಳು ಕೆಂಪಗೆ ಉಬ್ಬಿತ್ತು, ದಾರ ಚರ್ಮದೊಳಗೆ ಕೂತಿತ್ತು. ಅವಳು ಚಿಕ್ಕ ಕತ್ತರಿಯ ತುದಿಯಲ್ಲಿ ಎತ್ತಿ ಕತ್ತರಿಸಿದಳು. ಐದು ನಿಮಿಷದಲ್ಲಿ ಮಗು ನಿದ್ದೆ ಹೋಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ತೋರಿಸಿದಾಗ ಡಾಕ್ಟರು ಹೇಳಿದರು, ತಲೆಗೂದಲಿನಿಂದಲೂ ಹೀಗಾಗುತ್ತದೆ, ದಾರ ಕಾಣದಿದ್ದರೆ ಅಥವಾ ತೆಗೆಯಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ತರಬೇಕು ಅಂತ.

ಅದಕ್ಕೇ ಹೇಳುವುದು. ಪ್ರತಿ ತುದಿಯನ್ನೂ ಆರು ಇಂಚು ಬಿಡಿ. ಸೂಜಿಗೆ ಪೋಣಿಸಿ ಒಂದು ದಿಕ್ಕಿಗೆ ಒಂದೂವರೆ ಇಂಚು ಹೊಲಿಗೆಯೊಳಗೆ ಹಾಯಿಸಿ, ತಿರುಗಿ ವಾಪಸ್, ಮತ್ತೆ ಅಡ್ಡಕ್ಕೆ. ಆಮೇಲೆ ಕತ್ತರಿಸಿ. ಗಂಟು ಹಾಕಬೇಡಿ, ಗಂಟು ಒತ್ತುತ್ತದೆ. ಎಲ್ಲ ಮುಗಿದ ಮೇಲೆ ಅಂಗಿಯನ್ನು ಉಲ್ಟಾ ಮಾಡಿ ಒಳಮಗ್ಗುಲನ್ನು ನಿಮ್ಮ ಮೇಲ್ತುಟಿಗೆ ಮೆಲ್ಲಗೆ ಉಜ್ಜಿ. ಚುಚ್ಚಿದ್ದು, ಒತ್ತಿದ್ದು ತುಟಿಗೆ ತಕ್ಷಣ ಗೊತ್ತಾಗುತ್ತದೆ. ತೋಳಿನೊಳಗೆ ನಿಮ್ಮ ಐದೂ ಬೆರಳು ಬಿಡಿಸಿ ತೂರಿಸಿ ನೋಡಿ. ಒಂದು ಬೆರಳು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮಗುವಿನ ಬೆರಳೂ ಸಿಕ್ಕುತ್ತದೆ. ನಮಗೆ ಹೊರಗಿನ ಬಣ್ಣ ಕಾಣುತ್ತದೆ, ಮಗುವಿಗೆ ಸಿಗುವುದು ಈ ಒಳಗಿನ ಮಗ್ಗುಲು ಮಾತ್ರ.

ಪ್ರಶ್ನೆ: ಕೌದಿ ಥರ ತುಂಡು ತುಂಡು ಸೇರಿಸಿ ಮಗುವಿಗೆ ಉಲ್ಲನ್ ಕುಂಚಿಗೆ ಮಾಡಬೇಕು ಅಂತಿದೀನಿ. ಕ್ರೋಶಾದಲ್ಲಿ ತೂತು ಬರ್ತಾವ, ಗಾಳಿ ಹೋಗತ್ತ ಅಂತಾರ ನಮ್ಮ ಅತ್ತಿ. ಖರೇನ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಡಬಲ್ ಮತ್ತು ಚೈನ್ ಜಾಸ್ತಿ ಹಾಕಿದರೆ ಬಲೆಯಾಗುತ್ತದೆ. ಸಿಂಗಲ್ ಅಥವಾ ಹಾಫ್ ಡಬಲ್‌ನಲ್ಲೇ (ಸಿಂಗಲ್‌ಗೂ ಡಬಲ್‌ಗೂ ನಡುವಿನ ಎತ್ತರದ ಹೊಲಿಗೆ) ಹೆಣೆದರೆ ಕ್ರೋಶಾ, ಎರಡು ಕಡ್ಡಿಯ ಹೆಣಿಗೆಗಿಂತ ದಪ್ಪಗೆ, ಬೆಚ್ಚಗೆ ಬರುತ್ತದೆ. ದಾರವೂ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಸಿದ್ಧರಿರಿ. ತುಂಡುಗಳ ನಡುವಿನ ಸಂದು ನಿಮ್ಮ ಕಿರುಬೆರಳ ತುದಿ ತೂರದಷ್ಟು ಇರಲಿ.

ಕುಂಚಿಗೆ ಒಳ್ಳೇ ಆಯ್ಕೆ, ಯಾಕೆಂದರೆ ಮಗು ಬೆಳೆದರೂ ಅದು ಬೇಗ ಚಿಕ್ಕದಾಗುವುದಿಲ್ಲ. ತಲೆಯ ಭಾಗಕ್ಕೆ ಒಳಗೆ ಹಳೇ ಮೆತ್ತನೆಯ ಹತ್ತಿ ಸೀರೆಯ ಅಸ್ತರು ಕೊಡಿ. ಅಜ್ಜಿಯ ಸೀರೆ ಇದ್ದರೆ ಅದಕ್ಕಿಂತ ಬೇರೆ ಏನು ಬೇಕು? ತುಂಡುಗಳ ಹಿಂಬದಿಯೆಲ್ಲ ಮುಚ್ಚಿಹೋಗುತ್ತದೆ. ಕುತ್ತಿಗೆಗೆ ಕಟ್ಟುವ ಲಾಡಿ ಮಾತ್ರ ಬೇಡ. ಗದ್ದದ ಕೆಳಗೆ ಒಂದು ಅಗಲ ಪಟ್ಟಿ, ಅದಕ್ಕೊಂದು ಚಪ್ಪಟೆ ಗುಂಡಿ ಸಾಕು. ಗುಂಡಿಯನ್ನು ಉಲ್ಲನ್ನಿನಲ್ಲಿ ಅಲ್ಲ, ಹೊಲಿಗೆ ದಾರದಲ್ಲಿ ಹಚ್ಚಿ. ಹಚ್ಚಿದ ಮೇಲೆ ಜೋರಾಗಿ ಎಳೆದು ನೋಡಿ. ಪ್ರತಿ ಸಲ ಒಗೆದಾಗಲೂ ನೋಡಿ. ಗೆಜ್ಜೆ, ಮಣಿ, ಉಲ್ಲನ್ ಚೆಂಡು ಬೇಡ, ಅವೆಲ್ಲ ಬಾಯಿಗೇ ಹೋಗುತ್ತವೆ. ಹೊರಗೆ ಎತ್ತಿಕೊಂಡು ಹೋಗುವಾಗ ಕುಂಚಿಗೆ ಹಾಕಿ, ಮಲಗಿಸುವಾಗ ತೆಗೆಯಿರಿ.

ಪ್ರಶ್ನೆ: ಮೇಡಂ, ನಾವು ಟೊರೊಂಟೊದಲ್ಲಿದ್ದೇವೆ. ಮಗುವಿಗೆ ಮೂರು ತಿಂಗಳು. ಅತ್ತೆ ಊರಿಂದ ಆರು ಉಲ್ಲನ್ ಕುಲಾವಿ ಕಳಿಸಿದ್ದಾರೆ. ನಿದ್ದೆಯಲ್ಲಿ ಟೋಪಿ ಹಾಕಬೇಡಿ ಅಂತ ಇಲ್ಲಿನ ಡಾಕ್ಟರು ಹೇಳಿದರು. ವಿಡಿಯೊ ಕಾಲ್‌ನಲ್ಲಿ ಬರಿತಲೆ ನೋಡಿದರೆ ಅತ್ತೆಗೆ ಬೇಜಾರು. ಏನು ಹೇಳಲಿ?
— ಓದುಗರೊಬ್ಬರು, ಟೊರೊಂಟೊ

ಉತ್ತರ: ಡಾಕ್ಟರು ಹೇಳಿದ್ದು ಸರಿ. ಮಗು ತನ್ನ ಮೈಯ ಕಾವನ್ನು ತಲೆಯಿಂದಲೂ ಹೊರಗೆ ಬಿಡುತ್ತದೆ. ಬೆಚ್ಚಗಿನ ಮನೆಯಲ್ಲಿ ಕುಲಾವಿ ಹಾಕಿ ಮಲಗಿಸಿದರೆ ಮೈ ಕಾವು ಏರುತ್ತದೆ. ಜಾರಿದರೆ ಮೂಗು, ಬಾಯಿಯ ಮೇಲೆ ಬೀಳುತ್ತದೆ. ವರ್ಷ ತುಂಬುವವರೆಗೆ ಹಾಸಿಗೆಯಲ್ಲಿ ಸಡಿಲ ಹೊದಿಕೆಯೂ ಬೇಡ.

ಅತ್ತೆಯವರ ಮನಸ್ಸಿನಲ್ಲಿರುವುದು ಹಂಚಿನ ಮನೆ, ಕಿಟಕಿ ಸಂದಿಯಿಂದ ಬರುವ ಥಂಡಿ ಗಾಳಿ. ಟೊರೊಂಟೊದಲ್ಲಿ ಇಡೀ ಮನೆಗೆ ಹೀಟರ್ ಇರುತ್ತದೆ ಅನ್ನುವುದನ್ನು ಒಮ್ಮೆ ತೋರಿಸಿ ಹೇಳಿ. ಹೊರಗೆ ಹೊರಟಾಗಲೆಲ್ಲ ಅವರ ಕುಲಾವಿ ಹಾಕಿ ಫೋಟೊ ಕಳಿಸಿ. ಆರೂ ಬೇರೆ ಬೇರೆ ದಿನ ಬರಲಿ. ಮುಂದಿನ ಸಲಕ್ಕೆ ಒಂದು ಹೊದಿಕೆ ಕೇಳಿ, ಸುಮಾರು 30 ಇಂಚಿನ ಚೌಕ. ದಪ್ಪ ಜಾಕೆಟ್ ಹಾಕಿ ಕಾರಿನ ಮಗುಸೀಟಿನಲ್ಲಿ ಕೂರಿಸಿದರೆ ಪಟ್ಟಿ ಮೈಗೆ ಬಿಗಿಯಾಗಿ ಕೂರುವುದಿಲ್ಲ. ಪಟ್ಟಿ ಕಟ್ಟಿದ ಮೇಲೆ ಎದೆಯಿಂದ ಕೆಳಗೆ ಅಜ್ಜಿಯ ಹೊದಿಕೆ ಹೊದಿಸಬಹುದು. ಹೀಗೆ ಕೇಳಿದರೆ ಅವರು ಎಷ್ಟು ಉತ್ಸಾಹದಿಂದ ಹೆಣೆಯುತ್ತಾರೆ ನೋಡಿ.

ಪ್ರಶ್ನೆ: ಪುಸ್ತಕ ನೋಡಿ ಮಗುವಿನ ಕೋಟು ಹಾಕಿದೆ. ಡಬಲ್ ಕ್ರೋಶಾ ಎಂದಿದ್ದ ಕಡೆ ಡಬಲ್ ಹಾಕಿದರೂ ಕೋಟು ಪುಸ್ತಕದ ಅಳತೆಯ ಎರಡರಷ್ಟು ಉದ್ದ ಬಂತು. ತಪ್ಪೆಲ್ಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪು ನಿಮ್ಮದಲ್ಲ. ಆ ಪುಸ್ತಕ ಬ್ರಿಟಿಷ್ ಪದ್ಧತಿಯದು. ಬ್ರಿಟನ್ನಿನವರು ಡಬಲ್ ಅನ್ನುವುದನ್ನು ಅಮೆರಿಕದವರು ಸಿಂಗಲ್ ಅನ್ನುತ್ತಾರೆ. ಅವರ ಟ್ರೆಬಲ್ ಇವರ ಡಬಲ್. ನೀವು ಹಾಕಿದ್ದು ಅಮೆರಿಕದ ಡಬಲ್, ಅದು ಪುಸ್ತಕ ಕೇಳಿದ್ದಕ್ಕಿಂತ ಎತ್ತರದ ಹೊಲಿಗೆ. ನಮ್ಮಲ್ಲಿ ಎರಡೂ ಓಡಾಡುತ್ತವೆ. ಪುಸ್ತಕದಲ್ಲಿ ಸಿಂಗಲ್ ಕ್ರೋಶಾ ಅನ್ನುವ ಮಾತು ಇದ್ದರೆ ಅದು ಅಮೆರಿಕದ್ದು ಎಂದು ತಿಳಿಯಿರಿ. ನಾನು ಈ ಅಂಕಣದಲ್ಲಿ ಬಳಸುವುದೂ ಅಮೆರಿಕದ ಹೆಸರುಗಳನ್ನೇ, ಕುಚ್ಚು ಹಾಕುವವರಿಗೆ ಅದೇ ರೂಢಿ ಅಂತ. ಕೋಟು ಬಿಚ್ಚಬೇಡಿ. ಎರಡು ವರ್ಷದ ಮಗುವಿಗೆ ಆಗುತ್ತದೋ ನೋಡಿ.

ಪ್ರಶ್ನೆ: ಮಳೆಗಾಲದಲ್ಲಿ ಮಗುವಿನ ಉಲ್ಲನ್ ಬಟ್ಟೆ ಒಣಗಿಸುವುದೇ ಕಷ್ಟ. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಒಣಗಿಸಬಹುದೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಹತ್ತಿ ಬಟ್ಟೆಗೆ ನಮ್ಮ ಹಿರಿಯರು ಮಾಡುತ್ತಿದ್ದ ಕ್ರಮ ಅದು. ಉಲ್ಲನ್ನಿಗೆ ಬೇಡವೇ ಬೇಡ. ನನ್ನ ಮೊದಲ ಬಾಣಂತನದಲ್ಲಿ ನಮ್ಮ ಸಾಗರದ ಮನೆಯಲ್ಲಿ ಹಳದಿ ಅಕ್ರಿಲಿಕ್ ಟೋಪಿಯನ್ನು ಹಾಗೆ ಬುಟ್ಟಿಯ ಮೇಲೆ ಇಟ್ಟಿದ್ದೆವು. ಅರ್ಧ ಗಂಟೆಯ ನಂತರ ನೋಡಿದರೆ ಒಂದು ಬದಿ ಹಪ್ಪಳದ ಹಾಗೆ ಗಡುಸಾಗಿತ್ತು. ಆ ಗಡುಸು ಮತ್ತೆ ಹೋಗಲೇ ಇಲ್ಲ. ಮಗುವಿನ ತಲೆಯ ಮೇಲಿದ್ದಾಗ ಕೆಂಡ ಸಿಡಿದಿದ್ದರೆ ಏನಾಗುತ್ತಿತ್ತು ಅನ್ನುವುದು ಆಮೇಲೆ ಹೊಳೆಯಿತು. ಸಾಂಬ್ರಾಣಿ ಹೊಗೆ ಕೊಡುವಾಗಲೂ ಅಕ್ರಿಲಿಕ್ ಬಟ್ಟೆ ಮೈಮೇಲಿರಬಾರದು.

ಹೀಗೆ ಮಾಡಿ. ತಣ್ಣೀರಿನಲ್ಲಿ ಶಾಂಪೂ ಹಾಕಿ ಅದ್ದಿ ತೆಗೆಯಿರಿ, ಉಜ್ಜಬೇಡಿ, ಹಿಂಡಬೇಡಿ. ಒಣ ಟವಲ್ಲಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಅದರ ಮೇಲೆ ಕಾಲಿಟ್ಟು ನಿಧಾನಕ್ಕೆ ತುಳಿಯಿರಿ. ಟವಲ್ ಬದಲಿಸಿ ಇನ್ನೊಮ್ಮೆ. ಅರ್ಧಕ್ಕಿಂತ ಜಾಸ್ತಿ ನೀರು ಹೋಗಿರುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಮೊರದ ಮೇಲೆ ಹರಡಿ. ಹಗ್ಗಕ್ಕೆ ನೇತುಹಾಕಿದರೆ ತೋಳು ಉದ್ದವಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಬಸ್ ಕಂಡಕ್ಟರ್. ಹೆಂಡತಿ ತೀರಿಕೊಂಡು ಎರಡು ವರ್ಷ. ಆಕೆಯ ಕ್ರೋಶಾ ಕಡ್ಡಿಗಳ ಡಬ್ಬಿ ಹಾಗೇ ಇದೆ. ಮೊದಲ ಮೊಮ್ಮಗುವಿಗೆ ನಾನೇ ಏನಾದರೂ ಹೆಣೆಯಬೇಕು ಅನ್ನಿಸಿದೆ. ಈ ವಯಸ್ಸಿನಲ್ಲಿ ಆಗುತ್ತದಾ ಅಮ್ಮ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತದೆ ಸ್ವಾಮಿ. ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದು ಚಿಲ್ಲರೆ ಎಣಿಸಿದ ಬೆರಳು ನಿಮ್ಮದು. ಡಬ್ಬಿ ತೆರೆಯಿರಿ. ಕಡ್ಡಿಯ ಹಿಡಿಯ ಮೇಲೆ ಅಂಕಿ ಇರುತ್ತದೆ. 4 ಅಥವಾ 4.00 ಎಂದಿರುವುದನ್ನು ತೆಗೆದುಕೊಳ್ಳಿ. ಕುಚ್ಚಿನ ಕಡ್ಡಿಗಳು ತುಂಬಾ ಸಣ್ಣವು, ಅವು ಈಗ ಬೇಡ. ದಾರ ತಿಳಿ ಬಣ್ಣದ್ದಿರಲಿ. ಕಪ್ಪು, ನೀಲಿಯಲ್ಲಿ ಹೊಲಿಗೆ ಕಾಣುವುದಿಲ್ಲ. ಬೆಳಿಗ್ಗೆ ಬೆಳಕಿರುವಾಗ ಕೂತುಕೊಳ್ಳಿ.

ಮೊದಲ ವಾರ ಬರೀ ಚೈನ್. ಒಂದು ಮಾರು ಹೆಣೆದು ಬಿಚ್ಚಿ, ಮತ್ತೆ ಹೆಣೆಯಿರಿ. ಕುಣಿಕೆಗಳು ಒಂದೇ ಗಾತ್ರ ಬರತೊಡಗಿದಾಗ ಸಿಂಗಲ್ ಕಲಿಯಿರಿ. ಅಕ್ಕಪಕ್ಕದಲ್ಲಿ ಕುಚ್ಚು ಹಾಕುವ ಹೆಣ್ಣುಮಕ್ಕಳಿದ್ದರೆ ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತಾರೆ, ಸಂಕೋಚ ಬೇಡ. ಆಮೇಲೆ ಚಕ್ರ. ನಡುವಿನ ಕುಣಿಕೆಯಲ್ಲಿ 6 ಸಿಂಗಲ್. ಎರಡನೇ ಸುತ್ತಿಗೆ ಪ್ರತಿಯೊಂದರಲ್ಲೂ ಎರಡೆರಡು, ಒಟ್ಟು 12. ಮೂರನೆಯದಕ್ಕೆ 18, ನಾಲ್ಕಕ್ಕೆ 24. ಸುತ್ತಿಗೆ 6ರಂತೆ ಏರಿಸುತ್ತಾ ಹೋದರೆ ಚಕ್ರ ಸಪಾಟಾಗಿ ಕೂರುತ್ತದೆ. ಅಡ್ಡಕ್ಕೆ ಐದೂವರೆ ಇಂಚು ಬಂದಾಗ ಏರಿಸುವುದು ನಿಲ್ಲಿಸಿ, ಇದ್ದಷ್ಟೇ ಹೊಲಿಗೆಯಲ್ಲಿ ಸುತ್ತು ಹಾಕಿ. ಅದು ತಾನಾಗಿ ಕೆಳಕ್ಕೆ ಬಾಗಿ ಕುಲಾವಿಯಾಗುತ್ತದೆ. ಆರು ತಿಂಗಳ ಮಗುವಿನ ತಲೆಗೆ ಆ ಅಳತೆ ಹೊಂದುತ್ತದೆ. ನೆತ್ತಿಯಿಂದ ಅಂಚಿನವರೆಗೆ ಆರೂವರೆ ಇಂಚು ಆದಾಗ ದಾರ ಕತ್ತರಿಸಿ.

ಆಕೆಯ ಡಬ್ಬಿಯಲ್ಲಿ ಉಳಿದ ಉಲ್ಲನ್ ತುಣುಕುಗಳಿದ್ದರೆ ನಡುವೆ ಎರಡು ಸುತ್ತು ಅದರಲ್ಲೇ ಹಾಕಿ. ಒಳಗೆ ತುದಿಗಳನ್ನು ಹಾಯಿಸುವುದು ತೀರ್ಥಹಳ್ಳಿಯವರಿಗೆ ಹೇಳಿದ ಹಾಗೆಯೇ. ಮುಗಿದಾಗ ಒಂದು ಫೋಟೊ ಕಳಿಸಿ, ಹೊರಗಿನದು ಒಂದು, ಒಳಗಿನದು ಒಂದು.